ಬಾಡಿಗೆ ಮನೆಗೆ ಮದ್ವೆ ಅಕ್ಷರ

ಮದುವೆ ಕಾಗದ ಕೈಗೆ ಬಂದರೆ ಗಂಡು ಯಾರು, ಹೆಣ್ಣು ಯಾರು, ಛತ್ರ ಎಲ್ಲಿ ಎನ್ನುವುದನ್ನೆಲ್ಲ ನಾನು ಆಮೇಲೆ ನೋಡುತ್ತೇನೆ. ಮೊದಲು ನೋಡುವುದು ಅಕ್ಷರ. ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಕೂತವರಿಗೆ ಅಂಟುವ ಕಾಯಿಲೆಗಳಲ್ಲಿ ಇದೂ ಒಂದು. ಬೆನ್ನುನೋವಿಗಾದರೂ ಎಣ್ಣೆ ಇದೆ, ಇದಕ್ಕೆ ಏನೂ ಇಲ್ಲ. ಮೊನ್ನೆ ಯಾರೋ ಗೇಟಿನ ಸಂದಿಗೆ ಸಿಕ್ಕಿಸಿ ಹೋದ ಕಾಗದದಲ್ಲೂ ಅದೇ ಅಕ್ಷರ ಕೂತಿತ್ತು. ಮದುವೆ ಯಾರದು ಎಂದು ನೀವು ಈಗ ಕೇಳಿದರೆ ನಾನು ಎದ್ದು ಹೋಗಿ ನೋಡಿ ಬರಬೇಕು.

ಆ ಅಕ್ಷರವನ್ನು ನೀವೂ ಕಂಡಿರುತ್ತೀರಿ. ಕಂಪ್ಯೂಟರಿನಲ್ಲಿ ಅದಕ್ಕೊಂದು ಇಂಗ್ಲಿಷ್ ಹೆಸರೂ ಸಂಖ್ಯೆಯೂ ಇದೆ. ದೊಡ್ಡಬಳ್ಳಾಪುರದ ಡಿಟಿಪಿ ಅಂಗಡಿಗಳಲ್ಲಿ ಮಾತ್ರ ಎಲ್ಲರೂ ಅದನ್ನು ‘ಮದ್ವೆ ಅಕ್ಷರ’ ಎಂದೇ ಕರೆಯುತ್ತಾರೆ. ತಲಕಟ್ಟು ಇರಬೇಕಾದ ಕಡೆ ಅದಕ್ಕೊಂದು ಎಲೆ ಇರುತ್ತದೆ. ದೀರ್ಘ ಬಂದರೆ ಅದು ಬಳ್ಳಿಯಾಗಿ ಚಾಚಿಕೊಂಡು ಪಕ್ಕದ ಅಕ್ಷರದ ಹೆಗಲ ಮೇಲೆ ಕೈ ಹಾಕುತ್ತದೆ. ಒತ್ತಕ್ಷರಗಳು ಕೆಳಗೆ ಜುಮುಕಿಯ ಹಾಗೆ ತೂಗುತ್ತವೆ. ‘ಮ’ ಹೊಟ್ಟೆ ತುಂಬ ಉಂಡು ಗೋಡೆಗೆ ಒರಗಿದ ಬೀಗರಂತಿದೆ. ‘ಠ’ ಒಂದು ಮಾತ್ರ, ಪಾಪ, ಎಷ್ಟು ಸಿಂಗರಿಸಿದರೂ ಕುಂಬಳಕಾಯಿಯ ಆಕಾರ ಬಿಟ್ಟಿಲ್ಲ. ಅಂಕಿಗಳಂತೂ ಓದಲು ಬರುವುದಿಲ್ಲ. ಒಂದಕ್ಕೂ ಏಳಕ್ಕೂ ಒಂದೇ ಬಗೆಯ ಸೊಂಡಿಲು. ಕಾಗದ ಕೈಯಲ್ಲಿದ್ದರೂ ನಮ್ಮೂರಿನವರು ಮುಹೂರ್ತ ಎಷ್ಟು ಗಂಟೆಗೆ ಎಂದು ಬಾಯಿಬಿಟ್ಟು ಕೇಳುವುದು ಸುಮ್ಮನೆ ಅಲ್ಲ.

ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಅದು ನಿಲ್ಲುವುದಿಲ್ಲ. ಕಬ್ಬಿನ ಹಾಲಿನ ಗಾಡಿ, ಬ್ಯೂಟಿ ಪಾರ್ಲರ್, ಟೆಂಪೊ ಹಿಂದಿನ ‘ತಾಯಿಯ ಆಶೀರ್ವಾದ’, ಪಂಕ್ಚರ್ ಅಂಗಡಿ, ಎಲ್ಲ ಕಡೆ ಅದಕ್ಕೆ ಕೆಲಸ ಸಿಕ್ಕಿದೆ. ನಮ್ಮ ಊರಿನ ಒಬ್ಬ ನೋಟರಿ ಕೂಡ ಅದರಲ್ಲೇ ಬೋರ್ಡು ಹಾಕಿಸಿದ್ದಾರೆ. ಅಫಿಡವಿಟ್ ಮಾಡಿಸಲು ಹೋದವರಿಗೆ ಒಳಗೆ ಕೇಸರಿಬಾತು ಕೊಡುತ್ತಾರೇನೋ ಅನ್ನಿಸಬೇಕು. ಅದು ಕಾಲಿಡದ ಜಾಗ ನಾನು ಕಂಡ ಮಟ್ಟಿಗೆ ಒಂದೇ, ಸಾವು. ಶ್ರದ್ಧಾಂಜಲಿ ಫ್ಲೆಕ್ಸಿಗೆ ಎಲ್ಲರೂ ನೆಟ್ಟಗೆ ನಿಲ್ಲುವ ಅಕ್ಷರವನ್ನೇ ಕೇಳುತ್ತಾರೆ.

ನಮ್ಮ ಪತ್ರಿಕೆಯಲ್ಲೂ ಅದಕ್ಕೆ ಪ್ರವೇಶವಿರಲಿಲ್ಲ. ಅಕ್ಷರ ಕಾಣಬಾರದು, ಸುದ್ದಿ ಕಾಣಬೇಕು ಎನ್ನುವುದು ಅಲ್ಲಿನ ಕಟ್ಟುನಿಟ್ಟು. ಹಬ್ಬದ ಪುರವಣಿಗೆಂದು ಯಾರೋ ಅದನ್ನು ಪುಟ ಕಟ್ಟುವ ಕಂಪ್ಯೂಟರಿಗೆ ಹಾಕಿಸಿದರು. ಮರುದಿನ ಅದು ತನ್ನಷ್ಟಕ್ಕೆ ಜಿಲ್ಲಾ ಪುಟಕ್ಕೆ ನುಗ್ಗಿ, ಬಸ್ಸು ಮಗುಚಿದ ಸುದ್ದಿಯ ತಲೆಬರಹದಲ್ಲಿ ಎಲೆ ಬಳ್ಳಿ ಬಿಟ್ಟುಕೊಂಡು ಅಚ್ಚಾಯಿತು. ಓದುಗರೊಬ್ಬರು ಫೋನ್ ಮಾಡಿದರು. “ಬಸ್ ಬಿದ್ದಿದ್ದಕ್ಕೆ ನಿಮಗೆ ಇಷ್ಟೊಂದು ಖುಷಿನಾ ಸ್ವಾಮಿ?” ಎಂದು ಕೇಳಿ ಇಟ್ಟುಬಿಟ್ಟರು. ಅಂದಿನಿಂದ ಆ ಅಕ್ಷರ ನನಗೆ ಆಗದು. ವಿಶೇಷಣಗಳನ್ನು ಹೊಡೆದು ಹಾಕಿ ಸಂಬಳ ಎಣಿಸಿದವಳು ನಾನು. ಅದು ವಿಶೇಷಣಗಳನ್ನೇ ಉಟ್ಟು ತೊಟ್ಟು ಬರುವ ಅಕ್ಷರ.

ನನ್ನ ಅಕ್ಕ ಜಯಮ್ಮನಿಗೆ ಅದೆಂದರೆ ಪ್ರಾಣ. ನಮ್ಮಪ್ಪ ಮಗ್ಗದ ಕೆಲಸದವರು. ಮನೆಗೆ ಬರುತ್ತಿದ್ದ ಸೀರೆಯ ಹಳೆ ರಟ್ಟಿನ ಪೆಟ್ಟಿಗೆಗಳ ಮುಚ್ಚಳದ ಮೇಲೂ ಇಂಥದೇ ಸುರುಳಿ ಅಕ್ಷರಗಳಿರುತ್ತಿದ್ದವು. ಅಕ್ಕ ಅದರ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದಳು. ನಾನು ಅದೇ ಪೆಟ್ಟಿಗೆಯಲ್ಲಿ ಪುಸ್ತಕ ಇಟ್ಟುಕೊಳ್ಳುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಅವಳು ಅನುಗೊಂಡನಹಳ್ಳಿಯ ಮನೆಯನ್ನು ಮಗ ಸೊಸೆಗೆ ಬಿಟ್ಟು, ಇಲ್ಲಿ ನನ್ನ ಮಹಡಿಗೆ ಬಂದಳು. ಮದುವೆಯಾಗದ ತಂಗಿ ಕೆಳಗೆ, ಗಂಡನಿಲ್ಲದ ಅಕ್ಕ ಮೇಲೆ. ಬಂದ ಮದುವೆ ಕಾಗದಗಳನ್ನೆಲ್ಲ ಕೂಡಿಟ್ಟು, ಅಕ್ಷರ ಕತ್ತರಿಸಿ, ಅಡುಗೆಮನೆಯ ಡಬ್ಬಗಳಿಗೆ ಅಂಟಿಸುವುದು ಅವಳ ಮಧ್ಯಾಹ್ನದ ಕೆಲಸ. ಸಕ್ಕರೆಗೆ ಬೇಕಾದ ‘ರೆ’ ಉಡುಗೊರೆಯಲ್ಲಿ ಸಿಗುತ್ತಿತ್ತು, ‘ಕ್ಕ’ ಯಾರಾದರೂ ಲಕ್ಕಮ್ಮನ ಹೆಸರಲ್ಲಿ. ಕಷ್ಟವಾಗಿದ್ದು ಖಾರದ ಪುಡಿ. ‘ಖಾ’ ಇರುತ್ತಿದ್ದುದು ‘ಸುಖಾಗಮನವನ್ನು ಬಯಸುವ’ ಎನ್ನುವಲ್ಲಿ ಮಾತ್ರ.

“ಒಬ್ಬರ ಸುಖ ಕುಯ್ದು ನನ್ನ ಖಾರಕ್ಕೆ ಹಾಕ್ಕೊಂಡೆ ಕಣೇ ಸರೋಜಿ,” ಎಂದು ನಗುತ್ತಿದ್ದಳು. “ಬರೆದು ಅಂಟಿಸಿದರೆ ಆಗಲ್ವಾ?” ಎಂದರೆ, “ನಿನ್ನ ಪೇಪರ್ ಅಕ್ಷರ ನೋಡಿದ್ರೆ ಸಕ್ಕರೆನೂ ಸಪ್ಪಗಾಗುತ್ತೆ,” ಎನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳು ಹೋದಳು. ಕಾರ್ಯ ಎಲ್ಲ ಅನುಗೊಂಡನಹಳ್ಳಿಯಲ್ಲೇ ನಡೆಯಿತು. ಅಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ಅವಳ ಹೆಸರು ನೆಟ್ಟಗಿನ, ಕಪ್ಪು ಅಕ್ಷರದಲ್ಲಿತ್ತು. ತಪ್ಪೇನೂ ಇರಲಿಲ್ಲ. ಆದರೆ ಯಾರೋ ಬೇರೆ ಜಯಮ್ಮ ತೀರಿಕೊಂಡ ಹಾಗೆ ಕಂಡಿತು.

ಅದಾದ ಮೇಲೆ ಈ ಮನೆಯಲ್ಲಿ ನನ್ನ ತಲೆಯ ಮೇಲೆ ಯಾವ ಸದ್ದೂ ಇರಲಿಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಮೇಲೆ ಕುರ್ಚಿ ಎಳೆಯುವವರಿಲ್ಲ, ಪಾತ್ರೆ ಬೀಳಿಸುವವರಿಲ್ಲ. ಕಳೆದ ಮಳೆಗಾಲದಲ್ಲಿ ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಹಾಲಿನವಳು ಬಂದು ಕೂಗುವವರೆಗೂ ಅಲ್ಲೇ ಬಿದ್ದಿದ್ದೆ. ಮೂಳೆ ಮುರಿದಿರಲಿಲ್ಲ. ಸುದ್ದಿ ಮಾತ್ರ ಅಕ್ಕನ ಮಗ ಹರೀಶನಿಗೆ ಮುಟ್ಟಿತು. ಅವನು ಅನುಗೊಂಡನಹಳ್ಳಿಯಲ್ಲಿ ಸೇವಂತಿಗೆ ಬೆಳೆಯುತ್ತಾನೆ. ಪಿಕಪ್ ಗಾಡಿಯಲ್ಲಿ ಬಂದು, ನಿಂತುಕೊಂಡೇ ತೀರ್ಮಾನ ಹೇಳಿದ.

“ಚಿಕ್ಕಮ್ಮ, ನೀನೊಬ್ಳೇ ಇಲ್ಲಿರೋದು ಇನ್ ಸಾಕು. ಬೀಗ ಹಾಕು, ನಮ್ಮನೇಗೆ ಬಾ.”

“ನಂಗೇನೋ ಆಗಿರೋದು? ಈ ಮನೆ ಬಿಟ್ಟು ಬರಲ್ಲ.”

“ಮೇಲ್ಗಡೆ ಯಾರನ್ನಾದ್ರೂ ಬಾಡ್ಗೆಗೆ ಇಟ್ಕೋ. ಕೂಗಿದ್ರೆ ಓ ಅನ್ನಕ್ಕೆ ಒಬ್ರು ಇರ್ಬೇಕು. ಉಗಾದಿವರ್ಗೂ ನೋಡ್ತೀನಿ. ಯಾರೂ ಬರ್ಲಿಲ್ಲ ಅಂದ್ರೆ ಗಾಡಿ ತಂದು ನಿನ್ನೂ ನಿನ್ ಪೇಪರ್ ಕಟ್ಟೂ ಒಟ್ಗೆ ತುಂಬ್ಕೊಂಡು ಹೋಗ್ತೀನಿ.”

ಅವನು ಹೇಳಿದರೆ ಮಾಡುವವನು. ಅವನ ಮನೆಯಲ್ಲಿ ನನಗೆ ಏನೂ ಕಡಿಮೆಯಾಗುವುದಿಲ್ಲ. ಆದರೆ ಅಲ್ಲಿ ನಾನು ಅತಿಥಿ. ಬೆಳಿಗ್ಗೆ ಎದ್ದು ಯಾವ ಕಿಟಕಿ ತೆಗೆಯಬೇಕು ಎಂದು ಇನ್ನೊಬ್ಬರನ್ನು ಕೇಳಬೇಕು. ಹಾಗಾಗಿ ಮಹಡಿಗೆ ಜನ ಬರಲೇಬೇಕಿತ್ತು.

ಬೋರ್ಡನ್ನು ನಾನೇ ರೂಪಿಸಿದೆ. ಬಿಳಿ ಹಾಳೆ, ದಪ್ಪ ಕಪ್ಪು ಅಕ್ಷರ. ‘ಮನೆ ಬಾಡಿಗೆಗೆ ಇದೆ. ಮೊದಲ ಮಹಡಿ.’ ಕೆಳಗೆ ಫೋನ್ ನಂಬರ್. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ರಟ್ಟಿಗೆ ಅಂಟಿಸಿ ಗೇಟಿಗೆ ಕಟ್ಟಿ, ರಸ್ತೆಗಿಳಿದು ನೋಡಿ ನಾನೇ ಮೆಚ್ಚಿಕೊಂಡೆ. ಸಂಕ್ರಾಂತಿ ಬಂತು, ಹೋಯಿತು. ಒಬ್ಬರೂ ಫೋನ್ ಮಾಡಲಿಲ್ಲ. ಅಷ್ಟೇ ಅಲ್ಲ, ದಿನಾ ಗೇಟಿನ ಹತ್ತಿರ ನಿಂತು ಮಾತಾಡಿಸುತ್ತಿದ್ದವರೂ ತಲೆ ತಗ್ಗಿಸಿ ಹೋಗತೊಡಗಿದರು. ಕೊನೆಗೆ ಎದುರು ಮನೆಯ ರತ್ನಮ್ಮ ಒಂದು ಬಟ್ಟಲು ಹುಗ್ಗಿ ಹಿಡಿದುಕೊಂಡು ಬಂದು, ದನಿ ಇಳಿಸಿ ಕೇಳಿದರು.

“ಸರೋಜಮ್ಮೋರೆ, ಬೇಜಾರ್ ಮಾಡ್ಕೋಬೇಡಿ. ಬ್ಯಾಂಕ್‌ನೋರು ಯಾವಾಗ ಬಂದಿದ್ರು?”

“ಯಾವ ಬ್ಯಾಂಕ್‌ನೋರು?”

“ಅದೇ, ಗೇಟಿಗೆ ಹಾಕಿ ಹೋಗವ್ರಲ್ಲ. ನಮ್ಮನೆಯವ್ರು ಹೇಳಿದ್ರು, ಏನೂ ಕೇಳ್ಬೇಡ, ಅವ್ರಿಗೂ ನೋವಿರುತ್ತೆ ಅಂತ. ಮನ್ಸು ತಡೀಲಿಲ್ಲ.”

“ಅದು ಬಾಡಿಗೆ ಬೋರ್ಡು ರತ್ನಮ್ಮ! ಓದಿ ನೋಡ್ಲಿಲ್ವಾ?”

“ಅಯ್ಯೋ, ಅಂಥದ್ನೆಲ್ಲ ಯಾರಾದ್ರೂ ನಿಂತ್ಕೊಂಡು ಓದ್ತಾರಾ?”

ನಮ್ಮ ರಸ್ತೆಯ ಕೊನೆಯಲ್ಲಿ ಮುಚ್ಚಿದ ಮಗ್ಗದ ಶೆಡ್ ಒಂದಿದೆ. ಅದರ ಬಾಗಿಲಿಗೆ ಬಿಳಿ ಹಾಳೆಯ ಮೇಲೆ ದಪ್ಪ ಕಪ್ಪು ಅಕ್ಷರದ ಜಪ್ತಿ ನೋಟಿಸು ಬಹಳ ದಿನ ಅಂಟಿಕೊಂಡಿತ್ತು. ಅಂದಿನಿಂದ ನಮ್ಮ ಬೀದಿಯವರಿಗೆ ಆ ಅಕ್ಷರ ಕಂಡರೆ ಓದದೆ ಮುಖ ತಿರುಗಿಸುವುದು ಒಂದು ಮರ್ಯಾದೆ. ಎಲ್ಲರೂ ನನ್ನ ಮೇಲಿನ ಗೌರವದಿಂದಲೇ ನನ್ನ ಬೋರ್ಡು ಓದಿರಲಿಲ್ಲ. ಹುಗ್ಗಿ ಮಾತ್ರ ಚೆನ್ನಾಗಿತ್ತು.

ಡಿಟಿಪಿ ಅಂಗಡಿಯ ಮಂಜು ನನ್ನ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.

“ಮೇಡಂ, ಇದು ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಹಾಕೋ ಬೋರ್ಡ್ ಥರ ಐತೆ. ತಲೆಬುರುಡೆ ಒಂದಿಲ್ಲ, ಅಷ್ಟೇ. ಮದ್ವೆ ಅಕ್ಷರ ಹಾಕ್ತೀನಿ ಬಿಡಿ.”

“ಬೇಡಪ್ಪ. ಅದು ಬಾಡಿಗೆ ಮನೆ.”

“ಬೇಕರಿಗೂ ಅದೇ, ಶಾಲೆಗೂ ಅದೇ. ನಮ್ಮ ಎಮ್ಮೆ ಕೊಟ್ಟಿಗೆಗೂ ಅದರಲ್ಲೇ ಹೆಸರು ಹಾಕಿವ್ನಿ.”

“ಎಮ್ಮೆ ಓದುತ್ತಾ?”

“ಓದಲ್ಲ, ಹಾಲು ಜಾಸ್ತಿ ಕೊಡ್ತೈತೆ.”

ಅವನ ಪರದೆಯ ಮೇಲೆ ನನ್ನ ವಾಕ್ಯ ಎಲೆ ಬಳ್ಳಿ ಬಿಡುತ್ತ ಹೋಯಿತು. ಮೇಲೆ ತಾನಾಗಿಯೇ ಒಬ್ಬ ಗಣಪತಿ ಬಂದು ಕೂತ, ಎರಡು ಮೂಲೆಗೆ ಬಾಳೆಕಂದು ನಿಂತಿತು. ನಾನು ಪಕ್ಕದಲ್ಲಿ ಕೂತು ಗಣಪತಿ ತೆಗೆಸಿದೆ, ಬಾಳೆಕಂದು ತೆಗೆಸಿದೆ. ಕೆಂಪು ಹಳದಿ ಮಾತ್ರ ಬಿಡಲು ಅವನು ಒಪ್ಪಲಿಲ್ಲ. ಫೋನ್ ನಂಬರು ಆ ಅಕ್ಷರದಲ್ಲಿ ಜಿಲೇಬಿಯಾಯಿತು. “ಅದನ್ನ ಬೇರೆ ಅಕ್ಷರದಲ್ಲಿ ಹಾಕ್ತೀನಿ,” ಎಂದ. ತೆಗೆದುಬಿಡು, ‘ಒಳಗೆ ವಿಚಾರಿಸಿ’ ಎಂದು ಹಾಕು ಎಂದೆ. ಕಾರಣ ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ನಂಬರ್ ಇದ್ದರೆ ಜನ ಫೋನ್ ಮಾಡುತ್ತಾರೆ. ಗೇಟು ತೆಗೆಯುವುದಿಲ್ಲ.

ಫ್ಲೆಕ್ಸ್ ಕಟ್ಟಿದ ಮೇಲೆ ಗೇಟು ತೆಗೆಯಿತು. ಮೊದಲು ಬಂದವನು ಶಾಮಿಯಾನದವನು, ಕುರ್ಚಿ ಎಷ್ಟು ಬೇಕು ಎಂದು ಕೇಳಲು. ಆಮೇಲೆ ಓಲಗದವರ ಕಡೆಯ ಒಬ್ಬರು. ಅವರಿಗೆಲ್ಲ ಬಾಡಿಗೆ ಮನೆ ಬೇಕಿರಲಿಲ್ಲ, ಮದುವೆ ಬೇಕಿತ್ತು. ನನ್ನ ಹತ್ತಿರ ಅದೊಂದೇ ಇರಲಿಲ್ಲ. ಪ್ರತಿಯೊಬ್ಬರಿಗೂ ನೀರು ಕೊಟ್ಟು ಕಳಿಸಿದೆ. ಸ್ವಲ್ಪ ಹೊತ್ತು ಕೂತು ಹೋಗಿ ಎಂದೂ ಹೇಳಿದೆ, ಅದನ್ನೂ ವರದಿ ಮಾಡಬೇಕು.

ಮಾಘ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಗೇಟನ್ನು ಯಾರೋ ಬಡಿದರು. ಹಸಿರು ಸೀರೆ, ಕೈಯಲ್ಲೊಂದು ಚೀಲ, ಅದರಲ್ಲಿ ಎಲೆ ಅಡಿಕೆ, ತೆಂಗಿನಕಾಯಿ. ಮಧುರೆಯ ಗಂಗಮ್ಮ. ಹುಡುಗಿಯರಾಗಿದ್ದಾಗ ಅಕ್ಕನೂ ಇವರೂ ಒಂದೇ ಮಗ್ಗದ ಮನೆಯಲ್ಲಿ ನೂಲು ಸುತ್ತುತ್ತಿದ್ದವರು. ಅಕ್ಕ ಮಹಡಿಗೆ ಬಂದ ಹೊಸದರಲ್ಲಿ ಒಮ್ಮೆ ಬಂದು ಹೋಗಿದ್ದರು, ಆಮೇಲೆ ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಆಯಮ್ಮ ಬೈಯುತ್ತಲೇ ಒಳಗೆ ಬಂದರು.

“ಏನವ್ವಾ, ದೊಡ್ಡೋರಾಗ್ಬಿಟ್ರಾ? ಒಂದ್ ಕಾಗ್ದ ಕೊಡಕ್ಕೆ ಕೈ ಬರ್ಲಿಲ್ವಾ? ಬಸ್ಸಲ್ಲಿ ಹೋಗ್ತಿದ್ದೆ, ಬೋರ್ಡ್ ಕಾಣಿಸ್ತು. ಇದು ಜಯನ ಮನೆ ಅಲ್ವಾ ಅಂದ್ಕೊಂಡೆ. ಇಳಿದು, ಅಂಗ್ಡೀಲಿ ಕಾಯಿ ತಗೊಂಡು ಬಂದ್ಬಿಟ್ಟೆ. ಕರೀದಿದ್ರೂ ಬಂದೆ ನೋಡು, ನಂಗೆ ನಾಚ್ಕೆ ಇಲ್ಲ. ಮದ್ವೆ ಯಾರ್ದು? ಮೊಮ್ಮಗಳ್ದಾ?”

“ಗಂಗಕ್ಕ, ಕೂತ್ಕೊಳ್ಳಿ, ಹೇಳ್ತೀನಿ…”

“ನೀನೇನ್ ಹೇಳ್ತೀಯ, ನಿನ್ನಕ್ಕನ್ನ ಕೇಳ್ತೀನಿ ಇರು.” ಮಹಡಿ ಮೆಟ್ಟಿಲ ಕೆಳಗೆ ನಿಂತು, ಕತ್ತೆತ್ತಿ ಕೂಗಿಯೇ ಬಿಟ್ಟರು. “ಲೇ ಜಯಾ! ಇಳಿದು ಬಾರೇ! ನನ್ನ ಮರೆತು ಅದೆಂಗೆ ಚಪ್ಪರ ಹಾಕ್ತೀಯ ನೋಡ್ತೀನಿ!”

ಎರಡು ವರ್ಷದಿಂದ ಆ ಮೆಟ್ಟಿಲಿನ ಕೆಳಗೆ ನಿಂತು ಯಾರೂ ಆ ಹೆಸರು ಕೂಗಿರಲಿಲ್ಲ. ಗಂಗಕ್ಕ ಕಾಯುತ್ತ ನಿಂತಿದ್ದರು. ನಾನೂ ಒಂದು ಕ್ಷಣ ಮೇಲೆ ನೋಡಿದೆ.

“ಅವಳಿಲ್ಲ ಗಂಗಕ್ಕ. ಎರಡು ವರ್ಷ ಆಯ್ತು.”

ಅವರು ಕೆಳಗಿನ ಮೆಟ್ಟಿಲ ಮೇಲೆ ಕೂತರು. ಚೀಲ ತೊಡೆಯ ಮೇಲೇ ಇತ್ತು. “ಅದಕ್ಕೂ ಕಾಗ್ದ ಕೊಡ್ಲಿಲ್ಲ ನೋಡು ನೀವು,” ಎಂದರು. ಸಾವಿನ ಸುದ್ದಿಗೆ ಎಂಥ ತಲೆಬರಹ, ಎಷ್ಟು ಸಾಲು ಎಂದು ನಾನು ಬಲ್ಲೆ. ಅದನ್ನೆಲ್ಲ ಬಿಟ್ಟು ಕಾಫಿ ಮಾಡಿ ತಂದು ಪಕ್ಕದ ಮೆಟ್ಟಿಲ ಮೇಲೆ ಕೂತೆ.

ಕಾಫಿ ಮುಗಿದ ಮೇಲೆ ಕೇಳಿದರು, “ಮತ್ತೆ ಆ ಬೋರ್ಡು?”

“ಮಹಡಿ ಬಾಡಿಗೆಗಿದೆ ಅಂತ.”

“ಬಾಡ್ಗೆ ಮನೇಗೆ ಅಷ್ಟೊಂದು ಸಿಂಗಾರನಾ? ನಂಗೆ ಕನ್ನಡಕ ಇಲ್ದೆ ಓದಕ್ಕೆ ಬರಲ್ಲ. ಅಕ್ಷರದ ಕುಣಿತ ನೋಡಿ ಬಂದೆ ಕಣವ್ವ.” ಬಸ್ಸು ಕಾಯಲು ಹೊರಟವರು ಗೇಟಿನ ಹತ್ತಿರ ನಿಂತು ಹೇಳಿದರು. “ನನ್ ಮೊಮ್ಮಗಳು ಚೈತ್ರ ಬಾಶೆಟ್ಟಿಹಳ್ಳೀಲಿ ಕಂಪ್ನಿ ಕೆಲ್ಸಕ್ಕೆ ಹೋಗ್ತಾಳೆ. ಪೀಜಿಲಿ ಇರಕ್ಕಾಗಲ್ಲ ಅಂತ ದಿನಾ ಅಳ್ತಾಳೆ. ಕಳಿಸ್ಲಾ?”

ಚೈತ್ರ ಭಾನುವಾರ ಜೊತೆಯ ಕೆಲಸದ ಹುಡುಗಿಯನ್ನು ಕರೆದುಕೊಂಡು ಬಂದಳು. ಇಪ್ಪತ್ತು ದಾಟಿದ, ಕಣ್ಣ ಕೆಳಗೆ ಕಪ್ಪಾದ ಹುಡುಗಿಯರು. ಮನೆಯೊಡತಿ ಕೇಳಬೇಕಾದ ಪ್ರಶ್ನೆಗಳನ್ನು ನಾನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಚೈತ್ರಳೇ ಮೊದಲು ಶುರು ಮಾಡಿದಳು.

“ಆಂಟಿ, ನಮ್ದು ನೈಟ್ ಶಿಫ್ಟ್. ಹಗಲು ಮಲಗ್ಬೇಕು. ಇಲ್ಲಿ ಸದ್ದು ಗಲಾಟೆ ಇರುತ್ತಾ?”

“ಇಲ್ಲಮ್ಮ. ನಾನೊಬ್ಳೇ.”

ಈ ಮಾತನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಅದು ಒಂದು ಅನುಕೂಲದ ಹಾಗೆ ಕೇಳಿಸಿದ್ದು ಅದೇ ಮೊದಲು.

“ಟಿವಿ?”

“ಸಣ್ಣಗೆ ಇಡ್ತೀನಿ.”

“ಮಿಕ್ಸಿ?”

“ಸಂಜೆ ಹಾಕ್ಕೋತೀನಿ.”

ಹುಡುಗಿಯರು ಮೇಲೆ ಹೋಗಿ ನೋಡಿದರು. ಪೂರ್ವದ ಕಿಟಕಿಯಿಂದ ಬಿಸಿಲು ನೇರ ಹಾಸಿಗೆಯ ಜಾಗಕ್ಕೇ ಬೀಳುತ್ತದೆ, ಹಗಲು ನಿದ್ದೆ ಬರುವುದಿಲ್ಲ ಎಂದು ಚೈತ್ರ ಮುಖ ಸಣ್ಣ ಮಾಡಿದಳು. ಪರದೆ ಹೊಲಿಸುತ್ತೇನೆ ಎಂದೆ. ಅವಳು ಕೆಳಗೆ ಗೇಟಿನ ಕಡೆ ಬಗ್ಗಿ ನೋಡಿ, “ಆಂಟಿ, ನಾವು ಬಂದ್ಮೇಲೆ ಆ ಫ್ಲೆಕ್ಸ್ ಏನ್ ಮಾಡ್ತೀರಾ? ಅದಾದ್ರೆ ಒಂಚೂರೂ ಬೆಳಕು ಬಿಡಲ್ಲ,” ಎಂದಳು. ಮುಂದಿನ ಭಾನುವಾರ ಒಂದು ಆಟೊದಲ್ಲಿ ಅವರ ಸಾಮಾನು ಬಂತು. ಫ್ಲೆಕ್ಸು ಗೇಟು ಬಿಟ್ಟು ಮಹಡಿಯ ಕಿಟಕಿಗೆ ಏರಿತು. ಮದುವೆಗೆ ಹುಟ್ಟಿದ ಅಕ್ಷರ ಬಿಸಿಲು ತಡೆಯುವ ಕೆಲಸಕ್ಕೂ ಒಗ್ಗಿತು. ಬೆನ್ನು ಹಾಸಿಗೆಗೆ, ಮುಖ ರಸ್ತೆಗೆ.

ಹರೀಶನಿಗೆ ನಾನು ಫೋನ್ ಮಾಡಲಿಲ್ಲ. ಹುಡುಗಿಯರು ನಿಲ್ಲುತ್ತಾರೋ ಇಲ್ಲವೋ ತಿಳಿಯದೆ ಹೇಳುವುದು ಹೇಗೆ? ಖಚಿತವಾಗದ ಸುದ್ದಿಯನ್ನು ಅಚ್ಚಿಗೆ ಕಳಿಸಿ ಅಭ್ಯಾಸವಿಲ್ಲ.

ಬೆಳಿಗ್ಗೆ ಕಂಪನಿಯ ಬಸ್ಸು ರಸ್ತೆಯ ಮೂಲೆಯಲ್ಲಿ ನಿಲ್ಲುತ್ತದೆ. ಗೇಟು, ಮೆಟ್ಟಿಲು, ಎರಡು ಜೊತೆ ಚಪ್ಪಲಿ. ನಲ್ಲಿಯ ನೀರು ಸ್ವಲ್ಪ ಹೊತ್ತು. ಒಂದು ಕುರ್ಚಿ ಎಳೆದ ಸದ್ದು. ಆಮೇಲೆ ಏನೂ ಇಲ್ಲ. ನನ್ನ ಪಾಲಿಗೆ ಬಂದ ಹೆಜ್ಜೆ ಸದ್ದು ಅಷ್ಟೇ. ಅವರು ಏಳುವ ಹೊತ್ತಿಗೆ ಸಂಜೆ. ಉಂಡು, ತಲೆ ಬಾಚಿಕೊಂಡು, “ಬರ್ತೀವಿ ಆಂಟಿ,” ಎಂದು ಮತ್ತೆ ಬಸ್ಸಿಗೆ ಹೋಗುತ್ತಾರೆ. ಹಗಲೆಲ್ಲ ಮನೆ ಮೊದಲಿನಷ್ಟೇ ಮೌನ. ವ್ಯತ್ಯಾಸವೆಂದರೆ, ಈಗ ಆ ಮೌನವನ್ನು ನಾನು ಕೆಲಸ ಮಾಡಿ ಉಳಿಸಬೇಕು. ಗೇಟಿನ ತಿರುಗಣೆಗೆ ಎಣ್ಣೆ ಬಿಟ್ಟೆ. ಕುಕ್ಕರ್ ಬಿಟ್ಟು ಪಾತ್ರೆಯಲ್ಲಿ ಅನ್ನ ಮಾಡುತ್ತೇನೆ. ಸೊಪ್ಪಿನವಳಿಗೆ ಮುಂದಿನ ಮನೆಯ ಹತ್ತಿರ ಕೂಗು ಎಂದು ಹೇಳಿದ್ದೇನೆ.

ಉಗಾದಿಯ ಹಿಂದಿನ ದಿನ ಮಧ್ಯಾಹ್ನ ಗೇಟಿನ ಮುಂದೆ ಪಿಕಪ್ ನಿಂತು ಹಾರನ್ ಹೊಡೆಯಿತು. ಒಂದು ಸಲ ಅಲ್ಲ, ಹರೀಶನ ಹಾಗೆ, ಒತ್ತಿ ಹಿಡಿದು. ನಾನು ಬರಿಗಾಲಲ್ಲಿ ಓಡಿದೆ.

“ನಿಲ್ಸೋ! ಹಾರನ್ ಹೊಡೀಬೇಡ್ವೋ!”

ಅವನು ಇಳಿದು, ಮಹಡಿಯ ಕಿಟಕಿಯ ಕಡೆ ಕೈ ತೋರಿಸಿದ. “ಬೋರ್ಡ್ ಇನ್ನೂ ಹಂಗೇ ಐತಲ್ಲ ಚಿಕ್ಕಮ್ಮ. ಗೇಟಲ್ಲಿ ಕಾಣಲ್ಲ ಅಂತ ಮೇಲೆ ಕಟ್ಸಿದ್ಯಾ? ಆಯ್ತು, ನಡಿ. ಬಟ್ಟೆ ತುಂಬ್ಕೋ.”

“ಅದು ಬೋರ್ಡಲ್ಲ, ಪರದೆ. ಮೆಲ್ಲಗೆ ಮಾತಾಡು. ಮೇಲೆ ಹುಡುಗೀರು ಮಲಗವ್ರೆ.”

ಹರೀಶ ನನ್ನನ್ನು ನೋಡಿದ. ಮತ್ತೆ ಕಿಟಕಿಯನ್ನು ನೋಡಿದ. ಮೆಟ್ಟಿಲ ಬುಡದಲ್ಲಿದ್ದ ಎರಡು ಜೊತೆ ಚಪ್ಪಲಿ ಅವನ ಕಣ್ಣಿಗೆ ಬಿತ್ತು. ಗಾಡಿಯ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಸದ್ದಾಗದಂತೆ ಒತ್ತಿ ಮುಚ್ಚಿದ. ಆ ಭಾರಿ ಮೈಯನ್ನು ತುದಿಗಾಲ ಮೇಲೆ ಹೊತ್ತುಕೊಂಡು ಒಳಗೆ ಬಂದು, ಗೋಡೆ ಹಿಡಿದು ಕೂತ.

“ಎಷ್ಟೊತ್ತಿಗೆ ಏಳ್ತಾರೆ?” ಪಿಸುದನಿಯಲ್ಲಿ ಕೇಳಿದ.

“ಸಂಜೆಗೆ.”

“ಅಲ್ಲೀಗಂಟ ನೀನೇನ್ ಮಾಡ್ತೀಯ?”

“ಸದ್ದು ಮಾಡ್ದೆ ಇರ್ತೀನಿ,” ಎಂದೆ.